ನಿಂಬೆಹಣ್ಣಿನವಳ ಫೋಟೊ

ಮಂಗಳವಾರ ಬೆಳಿಗ್ಗೆ ಹತ್ತು ನಲವತ್ತಕ್ಕೆ ಮಾರುಕಟ್ಟೆಯಲ್ಲಿ ಬೆಳ್ಳುಳ್ಳಿ ಮಾರುವ ಅಜ್ಜಿ ಏದುಸಿರು ಬಿಡುತ್ತಾ ಠಾಣೆಗೆ ಬಂದಳು. ಸೆರಗೆಲ್ಲ ರಕ್ತ.

"ನಂದಲ್ಲ ಸಾಹೇಬ್ರೆ, ಪಕ್ಕದ ನಿಂಬೆಹಣ್ಣಿನವಳ್ದು. ಯಾವನೋ ಬಂದು ತೂಕದ ಕಲ್ಲಲ್ಲೇ ತಲೆಗೆ ಹೊಡ್ದು ಓಡೋದ."

ಎಫ್‌ಐಆರ್ ದಾಖಲಾಯಿತು. ಹನ್ನೊಂದೂಕಾಲಕ್ಕೆ ಇನ್‌ಸ್ಪೆಕ್ಟರ್ ಸ್ಥಳ ಪಂಚನಾಮೆ ನಡೆಸಿ, ಎರಡು ಕೆಜಿಯ ಕಬ್ಬಿಣದ ಕಲ್ಲನ್ನು ಜಪ್ತಿ ಮಾಡಿದರು. ಗಲ್ಲಾಪೆಟ್ಟಿಗೆಯನ್ನು ಯಾರೂ ಮುಟ್ಟಿರಲಿಲ್ಲ. ಬಂದವನು ಕಳ್ಳನಲ್ಲ.

ಆಸ್ಪತ್ರೆಯಲ್ಲಿ ನಿಂಬೆಹಣ್ಣಿನವಳ ತಲೆಗೆ ಹನ್ನೆರಡು ಹೊಲಿಗೆ ಬಿದ್ದಿತ್ತು. ಪ್ರಜ್ಞೆ ಇತ್ತು.

"ಹೊಡೆದಿದ್ದು ಯಾರಮ್ಮ?" ಇನ್‌ಸ್ಪೆಕ್ಟರ್ ಕೇಳಿದರು.

"ಗಂಡ. ಲಾರಿ ಓಡಿಸ್ತಾನೆ. ಅವನ ಏಟು ತಾಳಲಾರ್ದೆ ಮೂರು ವರ್ಷದ ಹಿಂದೆ ಬಿಟ್ಟು ಬಂದೆ. ಹೆತ್ತ ತಾಯಿಗೂ ಈ ಊರು ಹೇಳಿಲ್ಲ."

"ಮತ್ತೆ ಅವನಿಗೆ ಹೇಗೆ ಗೊತ್ತಾಯ್ತು?"

ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು. "ಹೋದ ವಾರ ಕ್ಯಾಮೆರಾದವನೊಬ್ಬ ಬಂದಿದ್ದ. ಬೇಡಪ್ಪ ಅಂತ ಕೈ ಮುಗಿದೆ."

ಕಾನ್‌ಸ್ಟೆಬಲ್ ಮೊಬೈಲ್‌ನಲ್ಲಿ ಅರ್ಧ ಗಂಟೆ ಸಾಮಾಜಿಕ ಜಾಲತಾಣಗಳನ್ನು ಹುಡುಕಿ ಫೋಟೊ ಪತ್ತೆಹಚ್ಚಿದ. ಅಜ್ಜಿಯ ಯಾವುದೋ ಮಾತಿಗೆ ನಿಂಬೆಹಣ್ಣಿನವಳು ಬಾಯ್ತುಂಬ ನಗುತ್ತಿದ್ದಳು. ಕೆಳಗೆ ಊರು, ಮಾರುಕಟ್ಟೆ, ಅಂಗಡಿ ಸಾಲು ಎಲ್ಲದರ ಹೆಸರೂ ಇತ್ತು. ಮೆಚ್ಚಿದವರು ನಲವತ್ತು ಸಾವಿರ.

ಅದನ್ನು ತೆಗೆದ ಪ್ರವಾಸಿ ಇನ್ನೂ ಊರಿನ ಲಾಡ್ಜ್‌ನಲ್ಲೇ ಇದ್ದ. ಎರಡು ಗಂಟೆಗೆ ಠಾಣೆಗೆ ಕರೆತಂದರು.

"ಕೇಳಿ ತೆಗೆದ್ರಾ?"

"ಕೇಳಿದ್ರೆ ಸಹಜತೆ ಹೋಗುತ್ತೆ ಸರ್."

"ಬೇಡ ಅಂತ ಆಕೆ ಕೈ ಮುಗಿದಳಂತೆ."

"ನಾಚ್ಕೊಂಡ್ರು ಅಂದ್ಕೊಂಡೆ. ಆಮೇಲೆ ದೂರದಿಂದ ತೆಗೆದೆ."

ಇನ್‌ಸ್ಪೆಕ್ಟರ್‌ಗೆ ಮೈಯೆಲ್ಲ ಉರಿಯಿತು. "ನಿಮ್ಮಕ್ಕ ಬೇಡ ಅಂದ್ರೂ ನಾಚಿಕೆ ಅಂತಾನೇ ತಿಳ್ಕೊಳ್ತೀರಾ? ಆಕೆ ತಲೆ ತಪ್ಪಿಸಿಕೊಂಡು ಬದುಕ್ತಿದ್ಳು ಸ್ವಾಮಿ. ನೀವು ವಿಳಾಸ ಬರೆದು ಡಂಗುರ ಸಾರಿದ್ರಿ!"

ಪೊಲೀಸರು ಸಾಕ್ಷ್ಯಕ್ಕೆ ಪ್ರತಿ ತೆಗೆದುಕೊಂಡ ಮೇಲೆ ಪ್ರವಾಸಿ ಫೋಟೊ ಅಳಿಸಿದ. ಅಷ್ಟರಲ್ಲಿ ಅದು ಎಷ್ಟು ಕೈ ದಾಟಿತ್ತೋ ದೇವರೇ ಬಲ್ಲ.

"ಇವರ ಮೇಲೆ ಯಾವ ಸೆಕ್ಷನ್ ಹಾಕ್ಲಿ ಸರ್?" ಕೇಸು ಬರೆಯುವ ರೈಟರ್ ಕೇಳಿದ.

"ಸದ್ಯಕ್ಕೆ ಸಾಕ್ಷಿ ಅಂತ ಬರ್ಕೋ," ಎಂದು ಇನ್‌ಸ್ಪೆಕ್ಟರ್ ಕುರ್ಚಿಯನ್ನು ದಡಾರನೆ ತಳ್ಳಿ ಎದ್ದರು.

ಸಂಜೆ ಐದು ಇಪ್ಪತ್ತಕ್ಕೆ ಲಾರಿ ನಿಲ್ದಾಣದಲ್ಲಿ ಗಂಡನ ಬಂಧನವಾಯಿತು. ಅವನು ಓಡಲೂ ಇಲ್ಲ, ಜಗಳಕ್ಕೂ ನಿಲ್ಲಲಿಲ್ಲ. ಅವನ ಮೊಬೈಲ್‌ನಲ್ಲಿ ಅದೇ ಫೋಟೊ ಇತ್ತು. ಮುಖ ಮಾತ್ರ ಕಾಣುವಂತೆ ದೊಡ್ಡದು ಮಾಡಿಟ್ಟಿದ್ದ.

"ಯಾಕೆ ಹೊಡೆದೆ?"

"ಹನ್ನೊಂದು ವರ್ಷ ನನ್ ಜೊತೆ ಇದ್ಳು ಸಾರ್," ಎಂದ ಅವನು. "ಒಂದಿನಾನೂ ಹೀಗೆ ನಕ್ಕಿರ್ಲಿಲ್ಲ."