ಸುರಪುರದ ಬೆಂಕಿಯುಂಡೆ

ಬಿಸಿಯಾಗಿರುವುದೆಲ್ಲ ಎಂಜಿನ್ನಲ್ಲ! ಹಾಲಿನ ಗಾದೆಯನ್ನು ತಿರುಚಿದ್ದಕ್ಕೆ ಕ್ಷಮೆಯಿರಲಿ. ಕತೆ ಮಾತ್ರ ಖರೇ.

ಶಹಾಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಪಂಚಶೀಲಾ ಅಂದು ಗಂಟಲು ದಪ್ಪ ಮಾಡಿಕೊಂಡು, ಆಗಷ್ಟೇ ಭಾಷಣ ಮುಗಿಸಿದ ಅತಿಥಿಯನ್ನು ಮಕ್ಕಳ ಮುಂದೆ ಅಣಕಿಸುತ್ತಿದ್ದಳು.

"ಹೆಗಲ ಮ್ಯಾಲಿಂದ ಹಾರಿಸೋ ಕ್ಷಿಪಣಿ ಎಂಜಿನ್ನಿನ ಕಾವು ಹುಡುಕ್ಕೋಂತ ಬರ್ತದ. ಆಗ ವಿಮಾನ ಬೆಂಕಿಯುಂಡಿ ಉದುರಿಸ್ತದ. ಕ್ಷಿಪಣಿ ಅದರ ಬೆನ್ನು ಹತ್ತಿ ಹೋಗ್ತದ..."

"ದನಿ ಬರೋಬ್ಬರಿ ಅದರಿ ಮೇಡಂ. ಮೀಸಿ ಒಂದು ಕಡಿಮಿ."

ಬಾಗಿಲಲ್ಲಿ ಅತಿಥಿಯೇ ನಿಂತಿದ್ದ! ಪಕ್ಕದ ಸಗರ ಊರಿನ ದೇವಿಂದ್ರ, ಸೈನಿಕರನ್ನು ಹೊರುವ ವಿಮಾನಗಳಿಗೆ ಆ ಬೆಂಕಿಯುಂಡೆ ತುಂಬುವ ವಾಯುಪಡೆಯ ತಂತ್ರಜ್ಞ.

ಪಂಚಶೀಲಾಳ ಕಿವಿ ಬಿಸಿಯಾದವು. ಎದೆಯೂ, ಯಾಕೋ...

ಆಮೇಲೆ ಆರು ತಿಂಗಳು ಫೋನಿನ ಮಾತು. "ಒಂದು ಉಂಡಿ ಕೈಕೊಟ್ರ ಒಳಗ ನಲವತ್ತು ಜೀವ. ಅದಕ್ಕ ಎಲ್ಲಾ ಎರಡೆರಡು ಸಲ ನೋಡ್ತೀನ್ರಿ," ಎನ್ನುತ್ತಿದ್ದ. ಹಾಗೆ ನೋಡುವವನು ಪ್ರೀತಿಯನ್ನು ಮಾತ್ರ ಒಂದು ಸಲವೂ ಹೇಳಿರಲಿಲ್ಲ.

ಅವನು ಮತ್ತೆ ರಜೆಗೆ ಬಂದ. ರಜೆಯ ಕೊನೆಯ ದಿನ ಶಾಲೆಯ ಸುಗರಾಬಿ ಟೀಚರ್ ಸುದ್ದಿ ತಂದರು. "ದೇವಿಂದ್ರಗ ಸುರಪುರದ ಹೆಣ್ಣು ಗಟ್ಟಿ ಆಗ್ಯದಂತ."

ಅಳು ಬಂತು. ನುಂಗಿಕೊಂಡಳು. 'ನಾಳೆ ಹೋಗಿಬಿಡುತ್ತಾನೆ. ಇವತ್ತು ಅವನನ್ನು ಕೇಳದಿದ್ದರೆ, ಮುಂದೆಲ್ಲ ನನ್ನನ್ನೇ ಕೇಳಿಕೊಳ್ಳುತ್ತಿರಬೇಕು...'

ಸಗರದ ಬಸ್ಸು ಹತ್ತಿದಳು.

ಅವನ ಅಜ್ಜಿ ಮರಿಲಿಂಗಮ್ಮ ಕಟ್ಟೆಯ ಮೇಲೆ ಜೋಳ ಕೇರುತ್ತಿದ್ದಳು. ದೇವಿಂದ್ರ ಹೊರಗೆ ಬಂದ.

"ಮುಬಾರಕ್ ಹೇಳಾಕ ಬಂದಿಲ್ಲ ನಾ," ಎಂದಳು ಪಂಚಶೀಲಾ. "ನಿಮ್ಮನ್ನೇ ಮದುವಿ ಆಗಬೇಕಂತ ಮಾಡೀನಿ. ಹೌದೋ ಅಲ್ಲೋ, ಹೇಳಿಬಿಡ್ರಿ."

ಅಜ್ಜಿಯ ಮೊರ ನಿಂತಿತು.

"ಸುರಪುರದಾಗ ಯಾವ ಹೆಣ್ಣೂ ಇಲ್ಲವ್ವಾ," ಎಂದಳು ಅಜ್ಜಿ. "ಬೆಳಿಗೆ ಕಣ್ಣು ಬೀಳಬಾರದಂತ ಹೊಲದಾಗ ಸುಣ್ಣ ಹಚ್ಚಿದ ಗಡಗಿ ಕಟ್ಟಂಗಿಲ್ಲೇನು? ಹಂಗ, ನಿಮ್ಮಪ್ಪನ ಕೂಡ ಮಾತಾಗೋ ತನಕ ಊರ ಕಣ್ಣು ಅತ್ತಾಗ ಇರಲಿ ಅಂತ ನಾನೇ ಸುಳ್ಳು ಬಿಟ್ಟೀನಿ. ನಿನಗೂ ಹೇಳಬ್ಯಾಡಂತ ಇವನಿಗೆ ಆಣಿ ಹಾಕಿದ್ದೆ. ಇವನ ಸೋದರಮಾವ ಹೆಣ್ಣು ಕೇಳಾಕ ಈಗ ನಿಮ್ಮ ಮನಿಗೇ ಹೋಗ್ಯಾನ."

ಪಂಚಶೀಲಾ ದೇವಿಂದ್ರನನ್ನು ನೋಡಿದಳು. ಅವನು ತಲೆ ಕೆರೆದುಕೊಂಡ.

"ಬೆಂಕಿಯುಂಡಿ ಬಿಟ್ಟಿದ್ದು ಊರಿನ ಸಲುವಾಗಿರಿ. ವಿಮಾನನೇ ಅದರ ಬೆನ್ನು ಹತ್ತಿ ಬರ್ತದಂತ ನನಗೇನು ಗೊತ್ತು?"

ಅವಳು ಅವನದೇ ದಪ್ಪ ದನಿ ತೆಗೆದಳು. "ಅದೆಲ್ಲ ಇರಲಿ. ಎರಡು ಸಲ ನೋಡಿ ಹೇಳ್ರಿ."

ಅವನು ನೋಡಿದ. ಮತ್ತೊಮ್ಮೆ ನೋಡಿದ.

"ಹೌದು, ಪಂಚಶೀಲಾ... ಹೌದು."

ಅಜ್ಜಿ ನಕ್ಕಳು, ದೇವಿಂದ್ರ ನಕ್ಕ. ಆದರೆ ನೆರೆಮನೆಯವರು ಗೋಡೆಯಾಚೆಯಿಂದ ಇಣುಕಿ ನೋಡಿದ್ದು ಪಂಚಶೀಲಾ ನಕ್ಕ ಸದ್ದಿಗೆ.