ಕೇಳದೆ ಹೊಡೆದವಳು

ಕುಡಗೋಲು ಎತ್ತುವ ಮುಂಚೆ ಅನುಪಮಾ ಒಂದೇ ಒಂದು ಸಲ ಅವನ ಮುಖ ನೋಡಿದಳು.

ಹಳದಿ ಬಣ್ಣ, ಕಪ್ಪು ಪಟ್ಟೆ... ಮೊಹರಂ ಹುಲಿ ವೇಷ! ಮಸ್ಕಿಯ ಹಳ್ಳದ ದಂಡೆಯಲ್ಲಿ ಕುಳಿತು ನೀರು ಕುಡಿಯುತ್ತಿದ್ದ ವೀರೇಶ ಅವಳನ್ನು ಕಂಡು ನಕ್ಕ.

"ಬಂದ್ಯಾ ಅನು? ನಿನ್ನ ದಾರೀನ ನೋಡಾಕತ್ತಿದ್ದೆ..."

"ನಮ್ಮಣ್ಣನ್ನ ಕೊಂದು ನನ್ನ ದಾರಿ ನೋಡ್ತೀಯೇನಲೇ!"

ಏಟು ಭುಜಕ್ಕೆ ಇಳಿಯಿತು. ಕಿತ್ತು ಮತ್ತೆ ಬೀಸಿದಳು. ಪಕ್ಕೆ ಸೀಳಿತು. ಹಳದಿ ಬಣ್ಣದ ಮೇಲೆ ರಕ್ತ ಹರಿಯಿತು. ಅವನು ಕೈ ಅಡ್ಡ ಹಿಡಿಯಲಿಲ್ಲ, ಬಾಯಿ ತೆರೆದುಕೊಂಡು ಅವಳನ್ನೇ ನೋಡುತ್ತ ಕುಸಿದ.

ಅವಳದೇನು ತಪ್ಪು ಎನ್ನಬೇಡಿ, ತಪ್ಪೇ! ಆದರೆ ಆ ಮಧ್ಯಾಹ್ನ ಅವಳು ಕಂಡದ್ದನ್ನೂ ಕೇಳಿ.

ಅರ್ಧ ತಾಸಿನ ಹಿಂದೆ ಅಣ್ಣ ಲಾಲಪ್ಪನ ಬೀಜದ ಅಂಗಡಿಗೆ ಬುತ್ತಿ ಒಯ್ದಿದ್ದಳು. ಹೊರಗೆ ಹಬ್ಬದ ಹಲಗೆ ಬಡಿತದ ಅಬ್ಬರ. ಒಳಗೆ ಹುಲಿ ವೇಷದವನೊಬ್ಬ ಅಣ್ಣನ ಎದೆಯ ಮೇಲೆ ಬೂಟುಗಾಲಿಟ್ಟು ಕುತ್ತಿಗೆಯಿಂದ ಚೂರಿ ಕೀಳುತ್ತಿದ್ದ! ಅವಳನ್ನು ಗೋಡೆಗೆ ದೂಡಿ ಓಡಿದ. ಅಣ್ಣ ಅವಳ ತೊಡೆಯ ಮೇಲೆಯೇ ಗೊರಗೊರ ಎಂದು ಸುಮ್ಮನಾದ.

ಹಿಂದಿನ ದಿನವಷ್ಟೇ ಬಸ್ ಸ್ಟ್ಯಾಂಡಿನಲ್ಲಿ ಲಾಲಪ್ಪ ವೀರೇಶನ ಕಪಾಳಕ್ಕೆ ಬಿಗಿದಿದ್ದ. "ಟ್ರ್ಯಾಕ್ಟರ್ ರಿಪೇರಿ ಮಾಡವಗ ನಮ್ಮ ತಂಗಿ ಬೇಕೇನಲೇ?" ವೀರೇಶ ಅನುಪಮಾ ಸಿಗಲೆಂದು ಮೊಹರಂನ ಅಲಾಯಿ ದೇವರಿಗೆ ಹುಲಿ ವೇಷದ ಹರಕೆ ಹೊತ್ತಿದ್ದ. ಇನ್ಯಾರು ಕೊಂದಾರು? ಅಂಗಡಿಯಲ್ಲಿ ಮಾರಾಟಕ್ಕಿದ್ದ ಕುಡಗೋಲು ಅವಳ ಕೈಗೆ ಬಂತು. ಅವನು ದಿನಾ ತನಗಾಗಿ ಕಾಯುತ್ತಿದ್ದ ಹಳ್ಳದ ಕಡೆ ಓಡಿದಳು.

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ?

ಹಳ್ಳಕ್ಕೆ ಓಡಿಬಂದ ಜನರಿಗೆ ವೀರೇಶ, "ನಾನ ಕುಡಗೋಲಿನ ಮ್ಯಾಲ ಬಿದ್ದೀನಿ" ಎಂದಷ್ಟೇ ಹೇಳಿ ಎಚ್ಚರ ತಪ್ಪಿದ್ದ.

ಮರುದಿನ ಬೆಳಗ್ಗೆ ಅವಳು ಲಿಂಗಸುಗೂರಿನ ಆಸ್ಪತ್ರೆಗೆ ಹೋದದ್ದು ಅವನು ಸತ್ತನೋ ಇಲ್ಲವೋ ನೋಡಲು. ನರ್ಸ್ ಅವನ ಅಂಗಾಲಿಗೆ ಮುಲಾಮು ಹಚ್ಚುತ್ತಿದ್ದಳು. ಅಂಗಾಲ ತುಂಬ ಒಡೆದ ಬೊಬ್ಬೆ! ಹರಕೆಯ ಹುಲಿಗಳು ಹಬ್ಬ ಮುಗಿಯುವತನಕ ಬರಿಗಾಲು. ಬಿಸಿಲಿರಲಿ, ಮುಳ್ಳಿರಲಿ, ಚಪ್ಪಲಿ ಮುಟ್ಟುವಂತಿಲ್ಲ. ಮಸ್ಕಿಯಲ್ಲಿ ಹುಟ್ಟಿದ ಅವಳಿಗೆ ಅದು ಗೊತ್ತಿಲ್ಲದ್ದೇನಲ್ಲ.

'ಬೂಟು... ಅವನ ಕಾಲಾಗ ಬೂಟಿತ್ತು! ಅಯ್ಯೋ ಶಿವನೇ, ನಾ ಯಾರನ್ನ ಕಡದೆ?'

ನರ್ಸ್ ಹೊರಟಂತೆ ಶಿವಪ್ರಸಾದ ಒಳಬಂದ. ಅಣ್ಣನ ಅಂಗಡಿಯ ಪಾಲುದಾರ. ಹೋದ ತಿಂಗಳು ಅನುಪಮಾಳನ್ನು ಕೇಳಲು ಬಂದಾಗ, "ಕುಡುಕಗ ಹೆಣ್ಣು ಕೊಡೂದಿಲ್ಲ" ಎಂದು ಲಾಲಪ್ಪ ಹೊರದಬ್ಬಿದ್ದ.

"ಇನ್ನಾ ಸತ್ತಿಲ್ಲೇನು ಈ ಹುಲಿ?"

ಅವಳು ಅವನ ಕಾಲು ನೋಡಿದಳು. ಅದೇ ಬೂಟು. ಕಿವಿಯ ಹಿಂದೆ ತೊಳೆಯಲು ಮರೆತ ಹಳದಿ.

"ನೀನ... ನೀನ ಕೊಂದಿ!"

ಬಾಗಿಲಿನ ಚಿಲಕ ಬಿತ್ತು. ಅವನ ಎರಡೂ ಕೈ ಅವಳ ಕುತ್ತಿಗೆ ಬಿಗಿದವು. "ಮರ್ಯಾದಿಲೆ ಕೇಳಿದ್ದೆ ನಿನ್ನ. ಕೊಡಲಿಲ್ಲ. ಈಗ ಅಣ್ಣನ ಹಿಂದ ನಡಿ!"

ತಲೆ ಗೋಡೆಗೆ ಬಡಿಯಿತು. ಅವಳು ಅವನ ಕೆನ್ನೆ ಪರಚಿದಳು, ಬೆರಳು ಕಚ್ಚಿದಳು, ಬಾಯಿಗೆ ರಕ್ತದ ರುಚಿ ಬಂತು. ಅವನು ಬಿಡಲಿಲ್ಲ. ಕಣ್ಣು ಕತ್ತಲಾಯಿತು...

ಧಡ್!

ಸಲೈನ್ ಸ್ಟ್ಯಾಂಡು ಶಿವಪ್ರಸಾದನ ತಲೆಗೆ ಅಪ್ಪಳಿಸಿತ್ತು. ಹಾಸಿಗೆಯಿಂದೆದ್ದ ವೀರೇಶನ ಹೊಲಿಗೆಗಳೆಲ್ಲ ಹರಿದಿದ್ದವು. ಇನ್ನೊಂದು ಏಟು, ಮತ್ತೊಂದು. ಗದ್ದಲ ಕೇಳಿ ಬಾಗಿಲು ಒಡೆದು ಒಳನುಗ್ಗಿದ ಆಸ್ಪತ್ರೆ ಕಾವಲಿನ ಪೊಲೀಸರು ಹಿಡಿಯದಿದ್ದರೆ ಶಿವಪ್ರಸಾದ ಅಂದೇ ಮುಗಿಯುತ್ತಿದ್ದ.

ಅವನಿಗೆ ಕೋಳ ಬಿತ್ತು. ವೀರೇಶನಿಗೆ ಮತ್ತೆ ಹೊಲಿಗೆ ಬಿತ್ತು. ಸಂಜೆ ಹೇಳಿಕೆ ಬರೆದುಕೊಳ್ಳಲು ಬಂದ ಸಬ್ ಇನ್ಸ್‌ಪೆಕ್ಟರ್ ಕೇಳಿದರು, "ನಿನಗೆ ಕುಡಗೋಲಿನಿಂದ ಹೊಡೆದವರು ಯಾರಪ್ಪಾ?"

"ಹೇಳೀನಲ್ಲರೀ ಸರ್... ಬಿದ್ದೀನಿ."

"ಎರಡು ಸಲ ಬಿದ್ಯಾ?"

ಅನುಪಮಾ ಮುಂದೆ ಬಂದಳು. "ನಾನ ಹೊಡದೀನ್ರಿ ಸರ್. ಬರ್ಕೊಳ್ರಿ." ಸುಮ್ಮನಿದ್ದರೆ ಉಳಿಯುತ್ತಿದ್ದಳು. ಆದರೆ ಅವನ ಸುಳ್ಳಿನ ಆಸರೆಯಲ್ಲಿ ಬದುಕುವುದು ಅವಳಿಂದಾಗಲಿಲ್ಲ.

ಸಬ್ ಇನ್ಸ್‌ಪೆಕ್ಟರ್ ಒಂದು ನಿಟ್ಟುಸಿರು ಬಿಟ್ಟು, "ಮಹಿಳಾ ಪೇದೆ ಬರೋತನಕ ಮಾತಾಡಿಕೊಳ್ರಿ" ಎಂದು ಹೊರಗೆ ನಿಂತರು.

"ಹುಚ್ಚಿ, ಜೈಲಿಗೆ ಹಾಕ್ತಾರ..."

"ಹಾಕಲಿ." ಅವಳು ಅವನ ಅಂಗಾಲನ್ನು ಕೈಯಲ್ಲಿ ಹಿಡಿದು ಬಿಕ್ಕಿದಳು. "ಕ್ಷಮಿಸು ಅಂತ ಕೇಳಾಕ ಬಾಯಿಲ್ಲ ನನಗ."

ವೀರೇಶ ಭುಜದ ಪಟ್ಟಿಯ ಮೇಲೆ ಕೈಯಿಟ್ಟುಕೊಂಡ. "ಗಾಯ ಮಾಯ್ತೈತಿ ಅನು... ಆದ್ರ ಒಂದ ಒಂದು ಮಾತು ಕೇಳಬೇಕಿತ್ತು ನನ್ನ. ನೀನ ಕೊಂದೀಯೇನು ಅಂತ. ಅಷ್ಟ."

ಹೊರಗೆ ಮಹಿಳಾ ಪೇದೆಯ ದನಿ ಕೇಳಿತು. ಅನುಪಮಾ ಕಣ್ಣೊರೆಸಿಕೊಂಡು ಎದ್ದಳು.

"ಈಗ ಒಂದು ಮಾತು ಕೇಳ್ಲಿ?"

"ಕೇಳು."

"ನನ್ನ ಕಂಡ್ರ ಅಂಜಿಕಿ ಬರ್ತೈತೇನು ನಿನಗ?"

"ಬರ್ತೈತಿ." ಅವನು ಸರಿಯಿದ್ದ ಕೈಯನ್ನು ಅವಳತ್ತ ಚಾಚಿದ. "ಆದ್ರೂ ನೀ ಬರೂತನ ಕಾಯ್ತೀನಿ. ಹೋಗಿ ಬಾ."