ಹಳೇ ಕಂಪ್ಯೂಟರಿಗೆ ಡ್ರೈವರ್ ಹುಡುಕಿಕೊಟ್ಟವನು

"ರೀ... ಕಿವಿ ಕೇಳಲ್ವಾ ನಿಮಗೆ?!"

ಅವಳ ಕೂಗಿಗೆ ಹೊರಗೆ ಬೆಂಚಿನ ಮೇಲಿದ್ದ ಮಕ್ಕಳು ಬೆಚ್ಚಿಬಿದ್ದವು. ಮೇಜಿನ ಕೆಳಗೆ ತಲೆ ತೂರಿಸಿದ್ದ ಕಂಪ್ಯೂಟರ್ ಮೆಕ್ಯಾನಿಕ್ ಮಾತ್ರ ನಿಧಾನವಾಗಿ ಈಚೆ ಬಂದ. ಮೂಗಿನ ಮೇಲೆ ಧೂಳು, ಕೈಯಲ್ಲಿ ಟಾರ್ಚು.

"ಹೇಳಿ ಮೇಡಂ," ಎಂದು ನಕ್ಕ.

ಮೂರು ಸಲ ಕರೆದರೂ ಉತ್ತರವಿಲ್ಲ, ಈಗ ನಗು ಬೇರೆ! ಎಂಥ ಜಂಬ... ಅವಳಿಗೆ ಮೈಯೆಲ್ಲ ಉರಿಯಿತು.

ಆ ಸಿಟ್ಟಿಗೆ ಕಾರಣವಿತ್ತು. ಆಸ್ಪತ್ರೆಯಲ್ಲಿ ಮಕ್ಕಳ ಕಿವಿ ಪರೀಕ್ಷೆ ಮಾಡುವವಳು ಅವಳು. ಹನ್ನೊಂದು ವರ್ಷಗಳ ದಾಖಲೆಗಳು ಆ ಹಳೇ ಕಂಪ್ಯೂಟರಿನಲ್ಲಿದ್ದವು. ಅದರ ಸಾಫ್ಟ್‌ವೇರ್ ಹಳೇ ಆಪರೇಟಿಂಗ್ ಸಿಸ್ಟಮ್ ಬಿಟ್ಟು ಬೇರೆಲ್ಲೂ ಓಡದು, ದಾಖಲೆಗಳನ್ನು ನೆಟ್‌ವರ್ಕ್ ಮೂಲಕವಲ್ಲದೆ ಹೊರಗೆ ಬಿಡದು. ಕಳೆದ ವಾರ ಅದು ಕೆಟ್ಟಾಗ ಯಾರೋ ಬಂದು ಅದೇ ಸಿಸ್ಟಮ್ ಮತ್ತೆ ಹಾಕಿದ್ದರು. ದಾಖಲೆಗಳು ಉಳಿದವು, ನೆಟ್‌ವರ್ಕ್ ಹೋಯಿತು.

"ಶನಿವಾರ ಬೆಳಿಗ್ಗೆ ಹೊಸ ಕಂಪ್ಯೂಟರ್ ಬರುತ್ತೆ. ಮಧ್ಯಾಹ್ನದೊಳಗೆ ಆಗದಿದ್ರೆ ಇದನ್ನ ಗುಜರಿಗೆ ಹಾಕಿಸ್ತೀನಿ," ಎಂದಿದ್ದರು ದೊಡ್ಡ ಡಾಕ್ಟರು.

ಹಳೆಯ ದಾಖಲೆ ಇಲ್ಲದಿದ್ದರೆ ಯಾವ ಮಗುವಿನ ಕಿವಿ ಮೊದಲಿಗಿಂತ ಮಂದವಾಗಿದೆ ಎಂದು ತಿಳಿಯುವುದಾದರೂ ಹೇಗೆ?

"ಆಗುತ್ತಾ, ಇಲ್ವಾ? ಅಷ್ಟು ಹೇಳಿ."

"ನೆಟ್‌ವರ್ಕ್ ಕಾರ್ಡಿಗೆ ಡ್ರೈವರ್ ಇಲ್ಲ ಮೇಡಂ. ಆ ಸಣ್ಣ ಸಾಫ್ಟ್‌ವೇರ್ ಇಲ್ಲದಿದ್ರೆ ಕಾರ್ಡು ಇದ್ದೂ ಇಲ್ಲದ ಹಾಗೆ. ಹಿಂದೆ ಬಂದವರು ಕಂಪ್ಯೂಟರಿನ ಹೆಸರು ನೋಡಿ ಒಂಬತ್ತು ಡ್ರೈವರ್ ಹಾಕಿದ್ದಾರೆ. ಒಂದೂ ಹೊಂದಿಲ್ಲ."

ಅವನು ಕಾರ್ಡನ್ನೇ ಹೊರತೆಗೆದು, ಮೆತ್ತಗಿನ ಬಟ್ಟೆಯಿಂದ ಒರೆಸಿ, ಭೂತಗನ್ನಡಿ ಹಿಡಿದ.

"ನೋಡಿ! ಈ ಕಾರ್ಡು ಇದರ ಜೊತೆ ಬಂದಿದ್ದೇ ಅಲ್ಲ. ಮಧ್ಯದಲ್ಲಿ ಯಾರೋ ಬದಲಾಯಿಸಿದ್ದಾರೆ. ಚಿಪ್ ಮೇಲಿರೋ ನಂಬರ್ ಹಿಡಿದೇ ಹುಡುಕಬೇಕು."

ನಂಬರನ್ನು ಚೀಟಿಯಲ್ಲಿ ಬರೆದುಕೊಂಡ. ಒಂದೊಂದೇ ಅಂಕಿ ತೋರಿಸುತ್ತಾ ಎರಡು ಸಲ ತಾಳೆ ನೋಡಿದ. ಅಬ್ಬಾ, ಎಷ್ಟು ತಾಳ್ಮೆ... ಎಂದುಕೊಂಡ ಅವಳು ತಕ್ಷಣ ಮುಖ ಬಿಗಿಹಿಡಿದಳು.

ಅಷ್ಟರಲ್ಲಿ ಆಸ್ಪತ್ರೆಯ ಆಯಮ್ಮ ಅವನ ಬಲಗಡೆ ಬಂದು ನಿಂತರು. "ಟೀ ಕುಡೀತೀಯೇನಪ್ಪಾ?"

ಉತ್ತರವಿಲ್ಲ. ಆಯಮ್ಮ ಮತ್ತೆ ಕೇಳಿದರು. ಊಹೂಂ!

ಅವಳು ಸುಮ್ಮನೆ ಎಡಗಡೆಗೆ ಹೋಗಿ ಮೆಲ್ಲಗೆ, "ಟೀ?" ಎಂದಳು.

"ಓಹ್, ಕೊಡಿ ಮೇಡಂ!"

ದಿನಕ್ಕೆ ಇಪ್ಪತ್ತು ಮಕ್ಕಳ ಕಿವಿ ನೋಡುವವಳಿಗೆ ಇಷ್ಟೂ ಗೊತ್ತಾಗಲಿಲ್ಲವೇ? ಅಂಥವನಿಗೆ ಎಂಥ ಮಾತಂದುಬಿಟ್ಟೆ... ನಾಚಿಕೆಯಿಂದ ಅವಳ ಕಣ್ಣು ತುಂಬಿತು.

"ಕ್ಷಮಿಸಿ. ನಿಮ್ಮ ಬಲಗಿವಿ... ನನಗೆ ಗೊತ್ತಿರಲಿಲ್ಲ."

"ಬಿಡಿ ಮೇಡಂ. ನೀವು ಕೂಗಿದ ಜೋರಿಗೆ ಆ ಕಿವಿಗೂ ಒಂಚೂರು ಕೇಳಿಸಿರಬೇಕು!"

ಅವಳು ಅಳುತ್ತಲೇ ನಕ್ಕುಬಿಟ್ಟಳು. ಅವನ ದನಿ ಮಾತ್ರ ತಗ್ಗಿತು.

"ಚಿಕ್ಕವನಿದ್ದಾಗ ನನಗೂ ಪರೀಕ್ಷೆ ಮಾಡಿಸಿದ್ರಂತೆ. ಆಸ್ಪತ್ರೆಯವರು ಕಾಗದ ಕಳೆದುಬಿಟ್ರು. ಯಾವಾಗಿಂದ ಮಂದ ಆಗ್ತಾ ಬಂತು ಅಂತ ಯಾರಿಗೂ ಹೇಳೋಕೆ ಆಗಲಿಲ್ಲ. ಅದಕ್ಕೇ... ಈ ಮಕ್ಕಳ ದಾಖಲೆ ಹೋಗೋಕೆ ಬಿಡಲ್ಲ ಮೇಡಂ."

ಅಂದಿನಿಂದ ಅವಳ ಕುರ್ಚಿ ಅವನ ಎಡಗಡೆಗೆ ಬಂತು. ಕಾರ್ಡು ಮಾಡಿದ ಕಂಪನಿ ಮುಚ್ಚಿ ವರ್ಷಗಳಾಗಿದ್ದವು. ಅವನು ಹಳೇ ಅಂಗಡಿಗಳನ್ನು ಅಲೆದ, ರಿಪೇರಿ ಬಿಟ್ಟು ಮನೆಯಲ್ಲಿದ್ದ ತನ್ನ ಗುರುವನ್ನು ಕಾಡಿದ. ದಿನಾ ಬೆಳಿಗ್ಗೆ ಒಂದು ಕಟ್ಟು ಸಿ.ಡಿ. ಹಿಡಿದು ಬರುತ್ತಿದ್ದ. ಬುಧವಾರ ಇಲ್ಲ, ಗುರುವಾರ ಇಲ್ಲ, ಶುಕ್ರವಾರವೂ ಇಲ್ಲ. ಒಮ್ಮೆಯಾದರೂ ಬೇಸರಿಸಲಿಲ್ಲ. ಹೊರಡುವಾಗ ಬೆಂಚಿನ ಮೇಲಿನ ಮಕ್ಕಳಿಗೆಲ್ಲ ಟಾಟಾ ಮಾಡಿಯೇ ಹೋಗುತ್ತಿದ್ದ.

ಇಂಥ ಮನುಷ್ಯರೂ ಇರ್ತಾರಾ... ಅವಳಿಗೆ ಅವನ ಮೇಲಿನ ಗೌರವ ಯಾವಾಗ ಪ್ರೀತಿಯಾಯಿತೋ ಗೊತ್ತಾಗಲಿಲ್ಲ.

"ಕಂಪ್ಯೂಟರ್ ಸರಿಹೋದ್ರೆ ಅವನು ಬರಲ್ಲ, ಸರಿಹೋಗದಿದ್ರೆ ಮಕ್ಕಳ ಗತಿ ಏನು? ಪಾಪ, ನಿನ್ನ ಪರಿಸ್ಥಿತಿ ಯಾರಿಗೂ ಬೇಡ!" ಎಂದು ಆಯಮ್ಮ ಕಾಲೆಳೆದರು.

ಶನಿವಾರ ಹನ್ನೊಂದು ಗಂಟೆಗೆ, ಗುರುವಿನ ಟ್ರಂಕಿನಲ್ಲಿ ಸಿಕ್ಕಿದ ಗೀರುಬಿದ್ದ ಸಿ.ಡಿ. ಒಂದನ್ನು ಅವನು ಒಳಗಿಟ್ಟ. ಕಾರ್ಡಿನ ಹಸಿರು ದೀಪ ಮಿಟುಕಿತು!

"ಬಂತು ಮೇಡಂ! ಬಂತು!"

ಪರದೆಯ ಮೇಲೆ ಒಂದೊಂದೇ ಮಗುವಿನ ಹೆಸರು ಹೊಸ ಕಂಪ್ಯೂಟರಿಗೆ ದಾಟತೊಡಗಿತು. ಕೊನೆಯ ಹೆಸರು ದಾಟುವಷ್ಟರಲ್ಲಿ ಅವಳು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಹೊಸದಾಗಿ ಮಾಡಿದ ಪರೀಕ್ಷೆನೂ ಹೋಗುತ್ತಾ, ಒಂದ್ಸಲ ನೋಡಿಬಿಡೋಣ," ಎಂದ ಅವನು. "ಯಾರಾದ್ರೂ ಕೂರಬೇಕಲ್ಲ..."

"ನೀವೇ ಕೂತ್ಕೊಳ್ಳಿ."

ಅವನು ಪರೀಕ್ಷೆಯ ಗಾಜಿನ ಕೋಣೆಯೊಳಗೆ ಹೆಡ್‌ಫೋನ್ ಹಾಕಿ ಕೂತ. ಇವಳು ಹೊರಗೆ ಮೈಕಿನ ಮುಂದೆ. ಅವಳು ಹೇಳಿದ ಪದವನ್ನು ಅವನು ತಿರುಗಿ ಹೇಳಬೇಕು, ಅದೇ ಪರೀಕ್ಷೆ.

"ಕಿಟಕಿ."

"ಕಿಟಕಿ."

"ಬಾಗಿಲು."

"ಬಾಗಿಲು."

ಇನ್ನು ಅರ್ಧ ಗಂಟೆ. ಆಮೇಲೆ ಚೀಲ ಹೆಗಲಿಗೇರಿಸಿ ಹೊರಟೇಬಿಡುತ್ತಾನೆ. ಈಗ ಹೇಳದಿದ್ದರೆ ಇನ್ನೆಂದೂ ಇಲ್ಲ! ಅವಳು ಪದಗಳ ಪಟ್ಟಿಯನ್ನು ಮಗುಚಿಟ್ಟಳು.

"ನನಗೆ... ನೀವಂದ್ರೆ ತುಂಬಾ ಇಷ್ಟ."

ಅವನು ಗಾಜಿನಾಚೆಯಿಂದ ಅವಳನ್ನೇ ನೋಡುತ್ತಿದ್ದ.

"ಕೇಳಿಸ್ಲಿಲ್ವಾ?" ಅವಳು ಮೈಕಿನತ್ತ ಬಾಗಿದಳು.

"ಚೆನ್ನಾಗಿ ಕೇಳಿಸ್ತು."

"ಮತ್ತೆ... ತಿರುಗಿ ಹೇಳ್ಬೇಕಲ್ಲ?"

"ಹೇಳ್ತೀನಿ. ಆದರೆ ಗಾಜಿನಾಚೆಯಿಂದ ಅಲ್ಲ. ಒಳಗೆ ಬನ್ನಿ, ನನ್ನ ಎಡಗಡೆ ಕೂತ್ಕೊಳ್ಳಿ."